ಗರ್ಮಿ ಅಂತ ಬಂದವರು

ಹಲ್ಲುನೋವಿನವರು ಬಾಗಿಲಿಂದಲೇ ಕೂಗಿಕೊಂಡು ಬರುತ್ತಾರೆ. ಸೊಂಟದ ಕೆಳಗಿನ ನೋವಿನವರು ಮಾತ್ರ ದವಾಖಾನೆಯನ್ನು ಸುತ್ತು ಹಾಕಿ, ಯಾರೂ ಪರಿಚಯದವರಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೆಮ್ಮು ಅಂತ ಹೇಳಿ ಒಳಗೆ ಬರುತ್ತಾರೆ. ಜಹೀರಾಬಾದಿನಲ್ಲಿ ನಾನು ನರ್ಸ್ ಆಗಿದ್ದಷ್ಟು ಕಾಲ ಇದು ತಪ್ಪಲಿಲ್ಲ. ನಮ್ಮ ಸೀಮೆ ಆಂಧ್ರದೊಂದಿಗೆ ಒಂದಾದ ಮೇಲೆ ನಮಗೆ ಬಂದ ಡಾಕ್ಟರು ಸಮುದ್ರದ ಕಡೆಯವರು. ಒಳ್ಳೆಯವರು, ಆದರೆ ತೆಲುಗು ಬಿಟ್ಟರೆ ಬೇರೆ ಬಾರದು. ನಾನು ಕನ್ನಡ ಆಡುವ ನ್ಯಾಲ್ಕಲ್ ಕಡೆಯವಳು. ಕನ್ನಡದ ರೋಗವನ್ನು ತೆಲುಗಿಗೆ ದಾಟಿಸುವ ಕೆಲಸವೂ ನನ್ನದೇ.

ಮಜ್ಜಿಗೆ

ನಾನು ರಜೆಯಲ್ಲಿದ್ದಾಗ ನಾರಾಯಣಖೇಡದ ಒಬ್ಬ ತೊಗರಿ ವ್ಯಾಪಾರಿ ಬಂದಿದ್ದನಂತೆ. ನಾಚಿಕೆಪಟ್ಟು, ನೆಲ ನೋಡುತ್ತ, "ಗರ್ಮಿ ಆಗ್ಯದರಿ" ಎಂದಷ್ಟೇ ಹೇಳಿದ. ನಮ್ಮ ಕಡೆ ಗರ್ಮಿ ಎಂದರೆ ಗುಪ್ತರೋಗ. ಡಾಕ್ಟರಿಗೆ ಗರ್ಮಿ ಎಂದರೆ ಸೆಕೆ ಎಂಬಷ್ಟು ಉರ್ದು ಮಾತ್ರ ಗೊತ್ತು. ಹೊರಗೆ ಬಿಸಿಲೂ ಹಾಗೇ ಇತ್ತು. ದಿನಾ ಮಜ್ಜಿಗೆ, ಬಿಸಿಲಲ್ಲಿ ತಿರುಗಬೇಡ ಎಂದು ಹೇಳಿ ಕಳಿಸಿದರು.

ನಾನು ಕೆಲಸಕ್ಕೆ ಮರಳಿದ ಮೇಲೆ ಆತ ಮತ್ತೆ ಬಂದ. ಡಾಕ್ಟರ ಎದುರು ಹೋಗಲಿಲ್ಲ, ನನ್ನನ್ನೇ ಮೂಲೆಗೆ ಕರೆದು ಮೆಲ್ಲಗೆ ಕೇಳಿದ: "ಸಿಸ್ಟರ್, ಮಜ್ಜಿಗಿ ಕುಡಿಯೋದೋ, ಹಚ್ಚೋದೋ?"

ಒಂದೇ ರಕ್ತ

ರೈತರ ಮನೆಯ ಇಬ್ಬರು ಅಣ್ಣತಮ್ಮಂದಿರು. ಅಣ್ಣನಿಗೆ ಆಗಾಗ ಗುಂಪುಗುಂಪಾಗಿ ಉರಿಯುವ ಗುಳ್ಳೆ ಏಳುತ್ತಿದ್ದವು, ಒಡೆಯುತ್ತಿದ್ದವು, ತಾವೇ ಮಾಯುತ್ತಿದ್ದವು. ಡಾಕ್ಟರು ಪರೀಕ್ಷೆ ಮಾಡಿ ಇದು ಹರ್ಪಿಸ್ ಎಂದರು. ಇದನ್ನು ಬೇರುಸಹಿತ ಕೀಳುವ ಔಷಧ ಇಲ್ಲ, ಆದರೆ ಜೀವಕ್ಕೇನೂ ಆಗದು. ಗುಳ್ಳೆ ಇದ್ದಾಗ ಹೆಂಡತಿಯಿಂದ ದೂರ ಇರಬೇಕು ಎಂದು ನನ್ನ ಬಾಯಿಂದ ಹೇಳಿಸಿದರು. ಜೊತೆಗೆ ಸಿಫಿಲಿಸ್ ಇದೆಯೋ ಎಂದು ನೋಡಲು ರಕ್ತ ಕೊಡಲು ಹೇಳಿದರು.

ರಕ್ತ ತೆಗೆಯುವ ಕೋಣೆಯ ಮುಂದಿನ ಸಾಲಿನಲ್ಲಿ ಆತನ ಬೀಗರ ಕಡೆಯವರೊಬ್ಬರು ಕೂತಿದ್ದರು. ಮಾನಕ್ಕೆ ಅಂಜಿ ತಮ್ಮನನ್ನು ತನ್ನ ಹೆಸರಲ್ಲಿ ಕಳಿಸಿದ. ರಿಪೋರ್ಟು ಬಂದಾಗ ಡಾಕ್ಟರು ಸಿಫಿಲಿಸ್ ಇದೆ, ಇಂಜೆಕ್ಷನ್ ತಗೊಂಡರೆ ಪೂರ್ತಿ ವಾಸಿಯಾಗುತ್ತದೆ ಎಂದರು. ನಾನು ಸೂಜಿ ಹಿಡಿದು ನಿಂತೆ. ಅಣ್ಣ ಬೆವರಿದ. ರಕ್ತ ತಮ್ಮನದು ಎಂದು ಆಗ ಬಾಯಿಬಿಟ್ಟ. ಒಂದೇ ತಾಯಿಯ ಮಕ್ಕಳು, ರಕ್ತವೂ ಒಂದೇ ಇರುತ್ತದೆ ಅಂದುಕೊಂಡಿದ್ದನಂತೆ.

ಅವನ ರಕ್ತ ಬೇರೆ ತೆಗೆಸಿದೆವು. ಅದರಲ್ಲಿ ಏನೂ ಇರಲಿಲ್ಲ. ಹೊರಗೆ ಬೇವಿನ ಕೆಳಗೆ ಕಾಯುತ್ತಿದ್ದ ತಮ್ಮನನ್ನು ಕರೆಸಿದೆವು. ಆತ ಬಂದು ಸೂಜಿಗೆ ತಾನೇ ಬೋರಲು ಮಲಗಿದ. ಅಣ್ಣ ಕಳಿಸದಿದ್ದರೆ ರೋಗ ಒಳಗೊಳಗೇ ಬೆಳೆದು ಅವನನ್ನು ಏನು ಮಾಡುತ್ತಿತ್ತೋ.

ಅಣ್ಣ ಮಾತ್ರ ಕಣ್ಣು ಒರೆಸಿಕೊಂಡು ಹೇಳಿದ: "ನನ್ನ ಮಾನ ಉಳಸಾಕ ಹೋಗಿ ತನ್ನ ಮಾನ ಕಳಕೊಂಡನಲ್ರಿ, ಬಂಗಾರದಂಥ ತಮ್ಮ."

ಬಸುರಿ ಹುಡುಗಿ

ಇನ್ನೊಬ್ಬಳು ರಾಯಿಕೋಡಿನ ಹುಡುಗಿ, ಚೊಚ್ಚಿಲ ಬಸುರಿ. ಆಕೆಗೆ ಹೆರಿಗೆ ಸುಖವಾಗಿ ಆಯಿತು, ಹೆಣ್ಣುಮಗು ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನಗಲು ಹೆದರುತ್ತೀರಿ.

ಆಕೆಗೂ ಆ ಅಣ್ಣನಿಗಿದ್ದಂಥವೇ ಗುಳ್ಳೆ. ನೋವಿಗಿಂತ ಹೆಚ್ಚಾಗಿ ಗಂಡನ ಮಾತಿಗೆ ಅಳುತ್ತಿದ್ದಳು. ಆತ ತಾಂಡೂರಿನ ಕಲ್ಲಿನ ಗಣಿಯಲ್ಲಿ ಮೇಸ್ತ್ರಿ, ಹಬ್ಬಹುಣ್ಣಿಮೆಗೆ ಮನೆಗೆ ಬರುವವ. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಡುವೆ ಒಂದು ಪರದೆ.

"ಆಕಿ ತವರಿಗೆ ಹೋಗ್ಲಿ" ಎಂದ ಗಂಡ. "ನಾ ತಾಂಡೂರಾಗ ಇದ್ದೆ. ಇಲ್ಲಿ ಏನು ನಡದದೋ ಯಾರಿಗೆ ಗೊತ್ತು."

ಡಾಕ್ಟರು ಸಿಟ್ಟು ಮಾಡಲಿಲ್ಲ. ಈ ರೋಗ ಒಮ್ಮೆ ಮೈ ಹೊಕ್ಕರೆ ವರ್ಷಗಟ್ಟಲೆ ಸುಮ್ಮನೆ ಮಲಗಿರಬಹುದು, ಕೆಲವರಿಗೆ ಬಂದದ್ದೇ ತಿಳಿಯುವುದಿಲ್ಲ, ಗುಳ್ಳೆ ನೋಡಿ ಯಾರಿಂದ ಯಾರಿಗೆ ಬಂತೆಂದು ಯಾವ ಡಾಕ್ಟರೂ ಹೇಳಲಾರ ಎಂದು ವಿವರಿಸಿದರು. ಹೆರಿಗೆ ಹೊತ್ತಿಗೆ ಗುಳ್ಳೆ ಎದ್ದರೆ ಕೂಸಿಗೆ ಅಪಾಯ, ಅದಕ್ಕೆ ಮನೆಯಲ್ಲಿ ಹೆರಿಗೆ ಬೇಡ, ದವಾಖಾನೆಗೇ ಕರೆತನ್ನಿ ಎಂದರು. ಎಲ್ಲವನ್ನೂ ನಾನು ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. ಕಡೆಗೆ ಗಂಡನಿಗೆ, ನಿನಗೆ ಯಾವಾಗಲಾದರೂ ಹೀಗಾಗಿತ್ತೇ ಎಂದೂ ಕೇಳಿದೆ.

"ಎಂದೂ ಇಲ್ಲರಿ."

ಪರದೆ ಸರಿಯಿತು. ಅತ್ತೆ ಒಳಗೆ ಬಂದಳು. ಜಗಳಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲು.

"ಹಂಗಾದ್ರ ಅದು ಸೈಕಲ್ ಸೀಟಿಂದ ಅಲ್ಲೇನ್ರಿ ಸಿಸ್ಟರ್? ಲಗ್ನಕ್ಕಿಂತ ಮೊದಲ ಇವ ತಾಂಡೂರಿಂದ ಬಂದಾಗ ಕಾಲು ಅಗಲ ಮಾಡಿ ನಡೀತಿದ್ದ. ಕೇಳಿದ್ರ ಸೀಟು ತಿಕ್ಕಿ ಗುಳ್ಳಿ ಎದ್ದಾವ ಅಂತಿದ್ದ."

ಡಾಕ್ಟರು ಏನಂತೆ, ಏನಂತೆ ಎಂದು ತೆಲುಗಿನಲ್ಲಿ ಕೇಳುತ್ತಲೇ ಇದ್ದರು. ನನಗೆ ತುಟಿ ಕಚ್ಚಿಕೊಳ್ಳುವುದೇ ಆಗಿತ್ತು. ಹುಡುಗಿ ಸೆರಗಿನಿಂದ ಮುಖ ಒರೆಸಿ, ತಲೆ ಎತ್ತಿ ಗಂಡನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆತ ಅವಳ ಚಪ್ಪಲಿಯನ್ನು ತಾನೇ ಸರಿಸಿ ಮುಂದಿಟ್ಟು, "ನಡಿ, ಮನಿಗಿ ಹೋಗಮ" ಎಂದ.

ಅತ್ತೆ ಮಾತ್ರ ಇನ್ನೂ ತನ್ನ ಚಿಂತೆಯಲ್ಲೇ ಇದ್ದಳು.

"ಸಿಟ್ಟಿನಾಗ ಆ ಸೈಕಲ್ ಮಾರಿಸಿಬಿಟ್ಟೆನಲ್ರಿ" ಎಂದಳು. "ಪಾಪ, ಅದರದೇನೂ ತಪ್ಪಿರಲಿಲ್ಲ."