ಶಾಯಿ ಕಲೆಗೆ ಬೋರ್ಡೋ ದ್ರಾವಣ

ಮನಃಶಾಸ್ತ್ರದ ಪುಸ್ತಕ ಬರೆದವರು ಯಾರೂ ಸುಳ್ಯಕ್ಕೆ ಬಂದವರಲ್ಲ, ಹಾಗಾಗಿ ನನ್ನ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಪುತ್ತೂರಿನಲ್ಲಿ ಮನಃಶಾಸ್ತ್ರಜ್ಞೆ. ಬುಧವಾರ ಸುಳ್ಯ, ಶುಕ್ರವಾರ ಕಡಬ. ಇಂಟರ್‌ನೆಟ್ ಚಟ ಹತ್ತಿದವರಿಗೆ ಶಾಯಿ ಚೆಲ್ಲಿದಂಥ ಕಾರ್ಡು ತೋರಿಸಿ ಎಂತ ಕಾಣ್ತದೆ ಎಂದು ಕೇಳುವುದು, ಹೇಳಿದ್ದರಿಂದ ಅವರ ಸ್ವಭಾವ ಅಂದಾಜು ಮಾಡುವುದು ನನ್ನ ಉದ್ಯೋಗ.

೧. ಹತ್ತಕ್ಕೆ ಹತ್ತು

ಸುಳ್ಯದಲ್ಲಿ ಒಂದು ಬುಧವಾರ ಮರ್ಕಂಜದ ಅಡಿಕೆ ಕೃಷಿಕರೊಬ್ಬರನ್ನು ಅವರ ಹೆಂಡತಿ ಕರೆತಂದರು. ಐವತ್ತು ದಾಟಿದವರು, ಹನ್ನೊಂದು ವಾಟ್ಸಾಪ್ ಗ್ರೂಪುಗಳ ಅಡ್ಮಿನ್. ಹೆಂಡತಿ ಒಂದು ತಿಂಗಳಿನಿಂದ ಅವರೊಡನೆ ಮಾತು ಬಿಟ್ಟಿದ್ದರು. ನನ್ನನ್ನು ಆಚೆ ಕರೆದು, "ಇವರು ಸರಿಯಾಗದಿದ್ರೆ ನಾನು ಇಚಿಲಂಪಾಡಿಗೆ, ತಂಗಿಯ ಮನೆಗೆ ಹೋಗುದೇ. ಮತ್ತೆ ಬರುದಿಲ್ಲ" ಅಂದರು. ಕಣ್ಣು ತುಂಬಿತ್ತು. ನನಗೂ ಪಾಪ ಅನಿಸಿತು.

ಮೊದಲ ಕಾರ್ಡು ಕೊಟ್ಟೆ. ಅವರು ಕನ್ನಡಕ ಏರಿಸಿ, ಎಲೆಚುಕ್ಕಿ ರೋಗ ಅಂದರು. ಎರಡನೆಯದು ಕೊಳೆರೋಗ. ಮೂರನೆಯದು ಪುನಃ ಎಲೆಚುಕ್ಕಿ, ಸ್ವಲ್ಪ ಮುಂದುವರಿದದ್ದು. ಹತ್ತೂ ಮುಗಿದ ಮೇಲೆ, ಈ ತೋಟದವರು ಮರಕ್ಕೆ ಬೋರ್ಡೋ ಮದ್ದು ಬಿಟ್ಟೇ ಇಲ್ಲ ಎಂದು ಯಾರನ್ನೋ ಬೈದರು.

ಎಲ್ಲೆಲ್ಲೂ ರೋಗ ಕಾಣುವವರಿಗೆ ಪುಸ್ತಕದಲ್ಲಿ ಒಂದು ದೊಡ್ಡ ಕಾಯಿಲೆಯ ಹೆಸರುಂಟು. ಅದನ್ನು ಬರೆಯುವ ಮೊದಲು ಎಂತಕ್ಕೂ ಇರಲಿ ಎಂದು ಹೊರಗೆ ಹೋಗಿ ರಿಸೆಪ್ಶನಿನ ಅಕ್ಕನಿಗೆ ಒಂದು ಕಾರ್ಡು ತೋರಿಸಿದೆ. ಅವರೂ ಎಲೆಚುಕ್ಕಿ ಅಂದರು. ಅವರಿಗೂ ಎರಡೆಕರೆ ಅಡಿಕೆ ಉಂಟು.

೨. ಇನ್ನೊಂದು ಅಭಿಪ್ರಾಯ

ನಾನು ಒಳಗೆ ಬರುವಷ್ಟರಲ್ಲಿ ಆ ಮಹಾರಾಯರು ಉಳಿದ ಒಂಬತ್ತು ಕಾರ್ಡುಗಳ ಫೋಟೊ ತೆಗೆದು ಗ್ರೂಪಿಗೆ ಹಾಕಿ ಆಗಿತ್ತು. ಉತ್ತರಗಳೂ ಬಂದಿದ್ದವು. ಒಬ್ಬರು ಪೊಟ್ಯಾಶ್ ಗೊಬ್ಬರ ಕಡಿಮೆ ಅಂದಿದ್ದರು. ಕುಂಬ್ರದ ಅಂಗಡಿಯವರೊಬ್ಬರು, ಸ್ಪ್ರೇಯರ್ ಹೊಸ ಸ್ಟಾಕ್ ಬಂದಿದೆ ಎಂದು ತಿಳಿಸಿದ್ದರು.

ಈ ಕಾರ್ಡುಗಳು ಗುಟ್ಟಾಗಿರಬೇಕು, ಮೊದಲೇ ನೋಡಿದವರ ಮೇಲೆ ಪರೀಕ್ಷೆ ನಡೆಯುವುದಿಲ್ಲ. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಶುಕ್ರವಾರ ಕಡಬದಲ್ಲಿ, ನಾನಿನ್ನೂ ಕಾರ್ಡು ತೆಗೆಯುವ ಮೊದಲೇ ಒಬ್ಬರು, ಪೊಟ್ಯಾಶ್ ಹಾಕಿದಿರಾ ಮೇಡಂ ಎಂದು ವಿಚಾರಿಸಿಕೊಂಡರು.

೩. ಚಿತ್ರಕ್ಕೊಂದು ಕತೆ

ಮುಂದಿನ ಬುಧವಾರ ಬೇರೆ ಪರೀಕ್ಷೆ. ಕೋಣೆಯಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು ಬೆನ್ನು ತಿರುಗಿಸಿ ಕೂತ ಚಿತ್ರ. ಅದನ್ನು ನೋಡಿ ಕತೆ ಹೇಳಬೇಕು. ನಿಯಮ ಗಾಳಿಗೆ ತೂರಿ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿದೆ. ಮರ್ಕಂಜದವರು ತುಂಬ ಹೊತ್ತು ಚಿತ್ರ ನೋಡಿದರು.

"ಈ ಹೆಂಗಸಿಗೆ ಸಿಟ್ಟು. ಇವನಿಗೆ ಮಾತಾಡ್ಲಿಕ್ಕೆ ಹೆದರಿಕೆ. ಹಾಗೆ ಗ್ರೂಪಲ್ಲಿ ಕೇಳಿದ್ದಾನೆ, ಹೆಂಡತಿ ಮಾತಾಡುದಿಲ್ಲ, ಎಂತ ಮಾಡುದು ಅಂತ."

ಹೆಂಡತಿ ತಿಂಗಳ ಮೌನ ಮುರಿದರು. "ಅವರು ಎಂತ ಹೇಳಿದ್ರು?"

"ಹನ್ನೆರಡು ಜನ, ಬೋರ್ಡೋ ಬಿಟ್ರೆ ಸಾಕು ಅಂದ್ರು. ಓದದೆ ಉತ್ತರ ಹಾಕುದು ಅವರು."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರೂ ನಕ್ಕರು. ಇಬ್ಬರೂ ಮಾತಾಡುತ್ತಾ ಬಸ್ಸಿಗೆ ಹೋದರು. ಗಂಡನ ಫೋನು ನನ್ನ ಮೇಜಿನ ಮೇಲೆ ಮರೆತೇ ಹೋಯಿತು, ನಾನು ಪುತ್ತೂರಿಗೆ ತಂದಿಟ್ಟೆ. ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಇಷ್ಟು ಬೇಗ ಗುಣ ಆದದ್ದು ಕಂಡದ್ದಿಲ್ಲ ಎಂದು ನಾನೂ ಉಬ್ಬಿದೆ.

ಶನಿವಾರ ಹೆಂಡತಿ ಫೋನು ಹುಡುಕಿಕೊಂಡು ಪುತ್ತೂರಿಗೇ ಬಂದರು. ಮುಖ ಬಾಡಿತ್ತು.

"ಒಮ್ಮೆ ಫೋನ್ ಕೊಡಿ ಮೇಡಂ. ಹನ್ನೊಂದು ಗ್ರೂಪಿಗೆ ಹಾಕುದನ್ನೆಲ್ಲ ಇವರು ಮೂರು ದಿನದಿಂದ ನನಗೊಬ್ಬಳಿಗೇ ಹೇಳುದು."

ಹಾಗಾದರೆ ಇಚಿಲಂಪಾಡಿಗೆ ಹೋಗುವುದು ಎಂತಾಯಿತು ಎಂದು ಕೇಳಿದೆ.

"ನಿನ್ನೆ ಹೊರಟೆ ಮಾರಾಯ್ರೆ. ಮಾತು ಮುಗೀಲಿಲ್ಲ ಅಂತ ಅವರೂ ಒಟ್ಟಿಗೆ ಹೊರಟ್ರು."