ನಕಾಶೆ ಕೂಟಕ್ಕೆ ದಾರಿ ಯಾವುದು

"ದಾರಿ ಗೊತ್ತಿದ್ದವ್ರು ನಕಾಶಿ ಯಾಕ ಬರೀತಾರ? ಗೊತ್ತಿಲ್ಲದವ್ರ ಬರೀತಾರ" ಎಂದು ನನಗೆ ಮೊದಲು ಹೇಳಿದವರು ರಾಣೆಬೆನ್ನೂರಿನ ನಮ್ಮ ಅತ್ತೆ. ಆಗ ನಕ್ಕಿದ್ದೆ. ಈಗ ಅವರ ಮಾತು ಖರೇ ಆಗುವ ಪ್ರಸಂಗ ತಿಂಗಳಿಗೊಂದರಂತೆ ನಡೆಯುತ್ತಲೇ ಇದೆ. ನಡೆದದ್ದು ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳುವುದೇ ನನಗೊಂದು ಕೆಲಸ.

ನಾನು ಹಾವೇರಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಕಂಪ್ಯೂಟರಿನಲ್ಲಿ ನಕಾಶೆ ಮಾಡುವವರು, ಅದಕ್ಕೆ ಸಾಫ್ಟ್‌ವೇರ್ ಬರೆಯುವವರು ನಮ್ಮ ಕಡೆಯೂ ಊರಿಗೊಬ್ಬರು ಇದ್ದಾರೆ. ಅವರನ್ನೆಲ್ಲ ತಿಂಗಳಿಗೊಂದು ಭಾನುವಾರ ಕೂಡಿಸೋಣ ಎಂಬ ಹುಕಿ ಬಂದದ್ದು ನನಗೇ, ಬೇರೆ ಯಾರನ್ನೂ ಬಯ್ಯುವಂತಿಲ್ಲ. ಪ್ರಿನ್ಸಿಪಾಲರು ಕಂಪ್ಯೂಟರ್ ಲ್ಯಾಬಿನ ಕೀಲಿಕೈ ಕೊಟ್ಟರು, ಜೊತೆಗೊಂದು ಷರತ್ತನ್ನೂ ಕೊಟ್ಟರು.

"ನಾಲ್ಕನೇ ಕೂಟಕ್ಕ ನಾನ ಬಂದು ಎಣಸ್ತೀನ್ರಿ ಮೇಡಂ. ಹದಿನೈದು ತಲಿ ಇರಬೇಕು. ಒಂದು ಕಡಿಮಿ ಬಿದ್ರೂ ಕೀಲಿಕೈ ವಾಪಸ್."

ಅಷ್ಟು ಕಂಪ್ಯೂಟರು ನಮಗೆ ಬೇರೆ ಯಾರೂ ಕೊಡುವುದಿಲ್ಲ. ಕೀಲಿಕೈ ಹೋದರೆ ಕೂಟವೂ ಹೋದಂತೆ.

ಬ್ಯಾಡಗಿಯ ಗೋದಾಮು

ಮೊದಲ ಕೂಟಕ್ಕೆ ಬಂದವರು ನಾಲ್ಕೇ ಜನ, ನನ್ನನ್ನೂ ಸೇರಿಸಿ. ಒಬ್ಬರು ಗುತ್ತಲದವರು, ಒಬ್ಬರು ಮೇಡ್ಲೇರಿಯವರು, ಇನ್ನೊಬ್ಬರು ಬ್ಯಾಡಗಿಯ ಇಂಜಿನಿಯರು, ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯವರು. ತಮ್ಮೂರಿನ ಕೋಲ್ಡ್ ಸ್ಟೋರೇಜುಗಳನ್ನೆಲ್ಲ ನಕಾಶೆಗೆ ಏರಿಸಿ ತಂದಿದ್ದರು. ಪರದೆಯ ಮೇಲೆ ಹಾಕಿದರೆ ಬ್ಯಾಡಗಿ ಖಾಲಿ. ಹಾವೇರಿ ಖಾಲಿ. ಇಡೀ ದೇಶದಲ್ಲೇ ಒಂದು ಗೋದಾಮಿಲ್ಲ.

ಅಕ್ಷಾಂಶ ಬರೆಯುವಲ್ಲಿ ರೇಖಾಂಶ, ರೇಖಾಂಶ ಬರೆಯುವಲ್ಲಿ ಅಕ್ಷಾಂಶ ಬರೆದಿದ್ದರು. ನಮ್ಮ ಧಂದೆಯಲ್ಲಿ ಇದು ಸಾರಿಗೆ ಉಪ್ಪು ಮರೆತಷ್ಟೇ ಸಾಮಾನ್ಯ. ಹುಡುಕುತ್ತ ಹೋದರೆ, ಉತ್ತರ ಧ್ರುವದ ಕಡೆಯ ಹಿಮದ ಸಮುದ್ರದಲ್ಲಿ ಬ್ಯಾಡಗಿಯ ಅಷ್ಟೂ ಗೋದಾಮು ಸಾಲಾಗಿ ನಿಂತಿದ್ದವು. ಪಾಪ, ನಾಚಿಕೊಂಡಾರು ಅಂದುಕೊಂಡೆ. ಅವರು ಕುರ್ಚಿ ಪರದೆಯ ಹತ್ತಿರ ಎಳಕೊಂಡು ಅಂದರು:

"ಇರ್ಲಿ ಬಿಡ್ರಿ ಅಕ್ಕಾರ. ಅಲ್ಲಾದ್ರ ಕರೆಂಟ್ ಹೋದ್ರೂ ಮಾಲು ಕೆಡೂದಿಲ್ಲ."

ಅತ್ತೆಯ ಓಣಿ

ಎರಡನೆಯ ಸಲ ಲ್ಯಾಬು ಬೇಡ, ಓಣಿಯಲ್ಲಿ ನಡೆದು ಮನೆ, ರಸ್ತೆ ಗುರುತಿಸೋಣ ಎಂದು ರಾಣೆಬೆನ್ನೂರಿಗೆ ಹೋದೆವು. ಬುದ್ಧಿ ಇಲ್ಲದ ನಾನು ಅತ್ತೆಯ ಓಣಿಯನ್ನೇ ಆರಿಸಿದೆ.

ನಾಲ್ಕು ಮಂದಿ ಫೋನು ಹಿಡಿದು ನಿಂತದ್ದೇ ತಡ, ಕಟ್ಟೆಯ ಮೇಲಿನ ಹಿರಿಯರು ಎದ್ದರು. "ಏನ್ರಿ, ರಸ್ತಾ ಅಗಲ ಮಾಡವ್ರೇನು?"

"ಅಲ್ಲರಿ ಅಜ್ಜಾರ, ಬರೇ ನಕಾಶೆ."

"ಎಲ್ಲಾರೂ ಮೊದಲ ಹಂಗ ಅಂತಾರ. ನಮ್ಮನಿ ಬಿಡ್ರಿ. ಆಚಿಮನಿ ಕಟ್ಟಿ ಅಳೀರಿ, ಎರಡು ಫೂಟು ರಸ್ತಾದಾಗ ಬಂದೈತಿ."

ಆಚೆಮನೆಯವರು ಚಹಾ ಕೊಟ್ಟು, ಎದುರುಮನೆಯ ಮೆಟ್ಟಿಲು ತೋರಿಸಿದರು. ಎದುರುಮನೆಯವರು ಅವಲಕ್ಕಿ ಕೊಟ್ಟು, ಮೂಲೆಮನೆಯ ಬಚ್ಚಲು ತೋರಿಸಿದರು. ಯಾರ ಮನಸ್ಸೂ ನೋಯದಿರಲೆಂದು ಎಲ್ಲವನ್ನೂ ಬರೆದುಕೊಂಡೆವು. ಸಂಜೆ ಎಲ್ಲರ ದೂರನ್ನೂ ನಕಾಶೆಗೆ ಏರಿಸಿ ನೋಡಿದರೆ, ಓಣಿಯಲ್ಲಿ ರಸ್ತೆಯೇ ಉಳಿದಿರಲಿಲ್ಲ.

ಅತ್ತೆ ಕನ್ನಡಕ ಏರಿಸಿ ನೋಡಿ ಕೇಳಿದರು: "ಮತ್ತ ನೀವು ನಾಕು ಮಂದಿ ಒಳಗ ಹೆಂಗ ಬಂದ್ರಿ?"

ಹದಿನೈದು ತಲೆ

ಮೂರನೆಯ ಕೂಟದಲ್ಲಿ, ನಕಾಶೆಯ ಮೇಲೆ ಹೊಸ ಜಾಗ ಗುರುತಿಸುವುದು ಹೇಗೆಂದು ಗುತ್ತಲದಿಂದ ಬರುವ ಸಾಫ್ಟ್‌ವೇರಿನವರು ಕಲಿಸಿಕೊಟ್ಟರು. ಉದಾಹರಣೆಗೆಂದು ಕಾಗಿನೆಲೆ ರಸ್ತೆಯ ಬದಿಯ ಯಾವುದೋ ಹೊಲದ ನಟ್ಟನಡುವೆ ಒಂದು ಚುಕ್ಕಿ ಇಟ್ಟು, 'ನಕಾಶೆ ಕೂಟ' ಎಂದು ಹೆಸರು ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿ, ಚಹಾ ಕುಡಿದು ಮನೆಗೆ ಹೋದೆವು. ಚುಕ್ಕಿ ಅಲ್ಲೇ ಉಳಿಯಿತು.

ನಾಲ್ಕನೆಯ ಕೂಟಕ್ಕೆ ಊರೂರಿಗೆ ಆಮಂತ್ರಣ ಕಳಿಸಿದೆ. ವಿಳಾಸ ಬರೆಯಲಿಲ್ಲ. "ನಕಾಶೆಯಲ್ಲಿ ಹುಡುಕಿಕೊಂಡು ಬನ್ನಿ, ನಾವು ನಕಾಶೆಯವರಲ್ಲವೇ!" ಎಂದು ಜಂಬದಿಂದ ಬರೆದೆ.

ಆ ಭಾನುವಾರ ಹನ್ನೊಂದಕ್ಕೆ ಪ್ರಿನ್ಸಿಪಾಲರು ಬಂದರು. ಲ್ಯಾಬಿನಲ್ಲಿ ನಾನು, ಬ್ಯಾಡಗಿಯವರು, ಗುತ್ತಲದವರು, ಮೇಡ್ಲೇರಿಯವರು, ಅದೇ ಹಳೆಯ ನಾಲ್ವರು. "ಉಳಿದ ಹನ್ನೊಂದು ತಲಿ?" ಎಂದರು. "ದಾರ್ಯಾಗ ಅದಾರ್ರಿ ಸರ್" ಎಂದೆ. ಅಷ್ಟರಲ್ಲಿ ಫೋನು. "ಮೇಡಂ, ಲ್ಯಾಬ್ ಎಲ್ಲೈತ್ರಿ? ಇಲ್ಲಿ ಬರೇ ಮೆಣಸಿನ ಗಿಡ ಅದಾವ." ಕಾಲೇಜಿನ ದಾರಿ ಹೇಳಿ, ಗುತ್ತಲದವರ ಮುಖ ನೋಡಿದೆ. ಅವರು ನೆಲ ನೋಡಿದರು.

ಹನ್ನೆರಡಕ್ಕೆ ಪ್ರಿನ್ಸಿಪಾಲರು ಕೀಲಿಕೈಗೆ ಕೈ ಚಾಚಿದರು. ನಾನು ಕೊಡಲು ಎದ್ದೆ. ಆಗ ಹೊರಗೊಂದು ಟ್ರ್ಯಾಕ್ಸ್ ಬಂದು ನಿಂತಿತು. ಮೊದಲು ಇಳಿದದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದ ಒಬ್ಬ ಅಜ್ಜಿ. ಹಿಂದೆ ಹತ್ತು ಮಂದಿ, ಕಾಲಿಗೆಲ್ಲ ಎರೆಮಣ್ಣು.

"ಇವು ನಿಮ್ಮವೇನವಾ?" ಎಂದರು ಅಜ್ಜಿ, ಸೀದಾ ನನಗೆ. "ಮುಂಜಾನಿಂದ ಒಂದೊಂದ ಬಂದು, ಫೋನ್ ನೋಡಕೋತ ನನ್ನ ಹೊಲದ ನಡುವ ನಿಂತಾವ. ದನಾ ಆಗಿದ್ರ ಬಡದು ಹೊರಗ ಹಾಕ್ತಿದ್ದೆ. ಕಲ್ತ ಮಂದಿಗೆ ಏನ್ ಮಾಡ್ಲಿ?"

ಪ್ರಿನ್ಸಿಪಾಲರು ಬೆರಳು ತೋರಿಸುತ್ತ ಎಣಿಸಿದರು. ಹದಿನಾಲ್ಕಕ್ಕೆ ನಿಂತರು. ಬೆರಳು ಅಜ್ಜಿಯ ಕಡೆ ತಿರುಗಿತು.

"ಅಮ್ಮಾರ, ನೀವೂ ನಕಾಶಿಯವ್ರೇನು?"

"ಅಲ್ಲದ ಏನ್ರಿ? ಇವ್ರ ನಕಾಶಿಯೊಳಗ ನನ್ನ ಹೊಲಾನ ಐತಲ್ಲ!"

"ಹದಿನೈದು" ಎಂದು ಪ್ರಿನ್ಸಿಪಾಲರು ಬರೆದುಕೊಂಡು ಹೋದರು.

ಅಜ್ಜಿಯನ್ನು ಕುರ್ಚಿ ಹಾಕಿ ಕೂಡಿಸಿ, ಚುಕ್ಕಿ ಅಳಿಸಲು ಗುತ್ತಲದವರಿಗೆ ಹೇಳಿದೆ. ಅಜ್ಜಿ ತಡೆದರು. "ಅಳಸಿದ್ರ ನಾಳೆ ಮತ್ತೊಬ್ಬ ಇಡ್ತಾನ. ಅಲ್ಲೇ ಬರೀಯಪಾ, 'ಇಲ್ಲಿ ಏನೂ ಇಲ್ಲ, ಹೊಲ ತುಳೀಬ್ಯಾಡ್ರಿ' ಅಂತ."

ಹಾಗೇ ಬರೆದೆವು. ಹದಿನೈದು ದಿನಕ್ಕೆ ಅಜ್ಜಿಯ ಫೋನು.

"ಏನವಾ, ಏನೂ ಇಲ್ಲ ಅಂತ ಬರದೀರಿ, ಅದೇನೈತಿ ನೋಡೂಣು ಅಂತ ಧಾರವಾಡದಿಂದ ಮಂದಿ ಬರಾಕತ್ತಾರ! ಫೋಟೋ ಬ್ಯಾರೆ ತಗೀತಾರ! ನಿಮ್ಮ ನಕಾಶಿ ಸಾಕು, ಇನ್ನ ಬಾಯಿಲೇ ಹೇಳು. ಕೇಳಿದವ್ರಿಗೂ ಮುಂದ ನಾಕು ಮಂದಿಗೆ ಹೇಳಾಕ ಹೇಳು."

ಚುಕ್ಕಿ ಅಂದೇ ಅಳಿಸಿದೆವು, ಮಂದಿ ಬರುವುದು ಮಾತ್ರ ನಿಂತಿಲ್ಲ. ಅದಕ್ಕೇ ಬಾಯಿ ಬಿಟ್ಟು ಹೇಳುತ್ತಿದ್ದೇನೆ, ನೀವೂ ನಾಲ್ಕು ಮಂದಿಗೆ ಹೇಳಿರಿ: ಅಲ್ಲಿ ಖರೇನೇ ಏನೂ ಇಲ್ಲ.

ನಮ್ಮ ಅತ್ತೆಗೆ ಮಾತ್ರ ಹೇಳಬೇಡಿರಿ.