ಗೊತ್ತಿಲ್ಲದ ಕೆರೆಗೆ ಗಾಳ

ಗೊತ್ತಿಲ್ಲದ ಕೆರೆಯಲ್ಲಿ ಮೀನು ಹಿಡಿಯುವುದು ಹೇಗೆಂದು ಸಲಹೆ ಕೊಡಲು ಒಂದೇ ಒಂದು ಅರ್ಹತೆ ಸಾಕು: ಎಂದೂ ಮೀನು ಹಿಡಿದಿರಬಾರದು. ಹಿಡಿದವರು ತಮ್ಮ ಜಾಗ ಇನ್ನೊಬ್ಬರಿಗೆ ತಿಳಿದೀತೆಂದು ಬಾಯಿ ಬಿಡುವುದಿಲ್ಲ. ನನಗೆ ಆ ಭಯವಿಲ್ಲ. ನನ್ನ ಮಟ್ಟಿಗೆ ಮೀನೆಂದರೆ ಪ್ರಯೋಗಾಲಯದ ಗಾಜಿನ ಬಾಟಲಿಯೊಳಗೆ ಹೆಸರಿನ ಚೀಟಿ ಸಮೇತ ತೆಪ್ಪಗಿರುವ ಸಭ್ಯ ಪ್ರಾಣಿ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಗ, ರಜಕ್ಕೆ ನಮ್ಮೂರು ಬಿಳಿಗೆರೆಗೆ ಬಂದರೆ ಅಮ್ಮ ಸೀಗೆಪುಡಿ ಹಾಕಿ ನನ್ನ ಕೈ ತೊಳೆಸಿ, ವಿಭೂತಿ ಇಡಿಸಿದ ಮೇಲೆಯೇ ಅಡಿಗೆಮನೆಗೆ ಬಿಡುತ್ತಿದ್ದಳು.

ತಿಪಟೂರಿನ ಕಾಲೇಜೊಂದರಲ್ಲಿ ಆಗ ನನ್ನದು ತಾತ್ಕಾಲಿಕ ಕೆಲಸ. ಆ ಬೇಸಿಗೆಯೊಳಗೆ ಖಾಯಂ ಆಗದಿದ್ದರೆ ಊರಿಗೆ ಹಿಂತಿರುಗಿ, ಅಪ್ಪ ಗೊತ್ತುಮಾಡಿದ ವರನ ಮುಂದೆ ಕಾಫಿ ತಟ್ಟೆ ಹಿಡಿದು ನಿಲ್ಲಬೇಕೆಂದು ಮನೆಯಲ್ಲಿ ಒಪ್ಪಂದವಾಗಿತ್ತು. ಖಾಯಂ ಮಾಡಬೇಕಾದವರು ಕಾಲೇಜಿನ ಕಾರ್ಯದರ್ಶಿಗಳು. ಕೊಬ್ಬರಿ ಮಂಡಿಯ ಯಜಮಾನರು. ಲಿಂಗಪೂಜೆಯಿಲ್ಲದೆ ನೀರು ಮುಟ್ಟದವರು. ಸಭೆಯಲ್ಲಿ ಮೈಕು ಸಿಕ್ಕರೆ ಪ್ರಾಣಿದಯೆಯ ಮೇಲೆ ಮಾತನಾಡುವವರು. ಒಂದು ದಿನ ನನ್ನನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ನೋಡಮ್ಮಾ, ನೀನು ಮೀನಿನ ವಿಷಯ ಓದಿದೀಯ. ದಬ್ಬೇಘಟ್ಟದ ಕಡೆ ಒಂದು ಕೆರೆ ಐತೆ. ನನಗೆ ಹೊಸದು. ಗಾಳ ಎಲ್ಲಿ ಹಾಕಬೇಕು?"

ಹರೆಯದಲ್ಲಿ ಬೊಂಬಾಯಿಯಲ್ಲಿದ್ದಾಗ ಹತ್ತಿದ ಚಟವಂತೆ. "ತಿನ್ನೋಕಲ್ಲ ಕಣಮ್ಮ. ಹಿಡಿದು ಬಿಟ್ಟುಬಿಡೋದು. ಮನಸ್ಸಿಗೆ ಶಾಂತಿ" ಎಂದರು. ಮೀನಿನ ಮನಸ್ಸಿನ ವಿಷಯ ನಾನು ಕೇಳಲಿಲ್ಲ. ನಾನು ತಾತ್ಕಾಲಿಕ.

ಪುಸ್ತಕ ನೋಡಿ ಸಲಹೆ ಕೊಟ್ಟೆ: ಬಿಸಿಲೇರುವ ಮೊದಲೇ ಹೋಗಬೇಕು, ನೆರಳು ನೀರಿನ ಮೇಲೆ ಬೀಳಬಾರದು, ತಳದಲ್ಲಿ ಏನಾದರೂ ಮುಳುಗಿರುವ ಕಡೆ ದೊಡ್ಡ ಮೀನು ಅಡಗಿರುತ್ತದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಭಾನುವಾರ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಜೊತೆಗೆ ಅವರ ಹೆಂಡತಿ, ಚಿತ್ರಾನ್ನದ ಡಬ್ಬಿ. "ನಿನ್ನ ಕಾಲೇಜಿನ ಬಾಟಲಿಗೆ ಮೀನು ಬೇಕು ಅಂತ ಇವರೇ ಬಿಸಿಲಿಗೆ ನಿಲ್ತಾರಂತಲ್ಲಮ್ಮ, ಎಂಥಾ ಮನುಷ್ಯರು ಕಣೇ!" ಎಂದು ಆಕೆ ಕಣ್ಣು ತೇವ ಮಾಡಿಕೊಂಡರು. ಎಂಥಾ ಮನುಷ್ಯರೆಂದು ನನಗೂ ಅನ್ನಿಸಿತು.

ಎರೆಹುಳು ಮುಟ್ಟಲು ಯಜಮಾನರು ಒಪ್ಪಲಿಲ್ಲ. ಗಾಳಕ್ಕೆ ಕೊಬ್ಬರಿ ಚೂರು ಸಿಕ್ಕಿಸಿದರು. "ನಮ್ಮ ಸೀಮೆ ಮೀನು ಕೊಬ್ಬರಿ ಬ್ಯಾಡ ಅಂತದೇನಮ್ಮ?" ನನ್ನ ಸಲಹೆಯಂತೆ, ನೀರೊಳಗೆ ಏನೋ ಕಪ್ಪಗೆ ಮುಳುಗಿದ್ದ ಕಡೆಗೇ ಎಸೆದರು. ಸ್ವಲ್ಪ ಹೊತ್ತಿಗೆ ಕೋಲು ಬಿಲ್ಲಿನಂತೆ ಬಗ್ಗಿತು.

"ಸಿಕ್ತು ಕಣಮ್ಮಾ! ದೊಡ್ಡದು! ಕೈ ಹಾಕು!"

ಇಬ್ಬರೂ ಎಳೆದೆವು. ಮೇಲೆ ಬಂದದ್ದು, ನಾರು ತೆಗೆಯಲೆಂದು ಯಾರೋ ಕೊಳೆಹಾಕಿದ್ದ ತೆಂಗಿನ ಮಟ್ಟೆಯ ಕಂತೆ. ಅದರ ವಾಸನೆಗೆ ಚಿತ್ರಾನ್ನದ ಡಬ್ಬಿ ತಾನಾಗಿಯೇ ಮುಚ್ಚಿಕೊಂಡಿತು.

"ಯಾರ್ಲಾ ಅದು ನನ್ನ ಮಟ್ಟೆ ಎತ್ತೋರು?" ಏರಿಯ ಮೇಲಿಂದ ಒಬ್ಬ ಹೆಂಗಸು ಸೆರಗು ಬಿಗಿದುಕೊಂಡು ಇಳಿದಳು. "ಕಾರ್ನಾಗೆ ಬಂದು ಮಟ್ಟೆ ಕದೀತಾರಲ್ಲಪ್ಪ!" ಹತ್ತಿರ ಬಂದವಳು ನಿಂತಳು. "ಅಯ್ಯೋ, ಮಂಡಿ ಯಜಮಾನ್ರು! ಇದೇನ್ ಬುದ್ಧೀ, ನಿಮ್ ಕೈನಾಗೆ ಗಾಳ?"

ಅವಳು ಕೇಳಿ ಮುಗಿಸುವಷ್ಟರಲ್ಲಿ ಗಾಳ ನನ್ನ ಕೈಯಲ್ಲಿತ್ತು. ಯಜಮಾನರ ಕೈಗಳು ಹೆಗಲ ಮೇಲಿನ ಶಲ್ಯ ಸರಿಮಾಡುತ್ತಿದ್ದವು. "ನಂದಲ್ಲ ಕಣವ್ವ. ನಮ್ಮ ಮೇಡಮ್ಮಂದು. ಸಂಶೋಧನೆ."

ಹೆಂಗಸು ನನ್ನ ಹಣೆಯ ವಿಭೂತಿಯಿಂದ ಕಾಲಿನ ಚಪ್ಪಲಿಯವರೆಗೆ ನೋಡಿದಳು. "ನೋಡಕ್ಕೆ ಒಳ್ಳೆ ಮನೆತನದ ಹೆಣ್ಣಿನಂಗೆ ಅವ್ಳೆ! ನಿಜವೇನವ್ವ?"

ಯಜಮಾನರು ಕೆರೆಯ ಆಚೆ ದಡವನ್ನು ನೋಡುತ್ತಿದ್ದರು. ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ನನಗೆ ಕಾಫಿ ತಟ್ಟೆ ಕಾಣಿಸಿತು.

"ಹೌದು, ನಂದೇ" ಎಂದೆ.

ಬೇಸಿಗೆ ಮುಗಿಯುವುದರೊಳಗೆ ಕೆಲಸ ಖಾಯಂ ಆಯಿತು. ಸುದ್ದಿ ಮಾತ್ರ ನನಗಿಂತ ಮೊದಲೇ ಬಿಳಿಗೆರೆ ಸೇರಿತ್ತು. ಗಾಳ ಹಾಕುವ ಹುಡುಗಿ ತಮಗೆ ಬೇಡವೆಂದು ವರನ ಕಡೆಯವರು ಹೇಳಿ ಕಳಿಸಿದರು. ಅಪ್ಪ ನೊಂದುಕೊಂಡರು. ಅವರೆದುರು ನಾನೂ ಸಾಧ್ಯವಾದಷ್ಟು ಹೊತ್ತು ಮುಖ ಚಿಕ್ಕದು ಮಾಡಿಕೊಂಡಿದ್ದೆ.

ಮೊನ್ನೆ ಕಾಲೇಜಿನ ಸಮಾರಂಭದಲ್ಲಿ ಯಜಮಾನರು, ಹೆಣ್ಣುಮಕ್ಕಳು ಎಷ್ಟೇ ಓದಿದರೂ ಮನೆಯ ಆಚಾರ ಬಿಡಬಾರದೆಂದು ಮಾತನಾಡಿ, ನನ್ನ ಕಡೆ ಕ್ಷಮಿಸಿದವರ ದೃಷ್ಟಿ ಬೀರಿದರು. ಎಲ್ಲರೂ ತಿರುಗಿ ನೋಡಿದರು. ವೇದಿಕೆಯಿಂದ ಇಳಿದವರು ನನ್ನ ಪಕ್ಕ ಬಂದು ದನಿ ತಗ್ಗಿಸಿದರು: "ತುರುವೇಕೆರೆ ಕಡೆ ಒಂದು ಕೆರೆ ಐತಂತೆ. ಗಾಳ ನಿನ್ನ ರೂಮಲ್ಲೇ ಐತಲ್ಲಮ್ಮ?"

ಇದೆ. ಹಿಡಿದು ಬಿಟ್ಟುಬಿಡುವುದು ತಮ್ಮ ಪದ್ಧತಿ ಎಂದಿದ್ದರು ಅವರು. ದಬ್ಬೇಘಟ್ಟದ ಕೆರೆಯಲ್ಲಿ ಅವರ ಗಾಳಕ್ಕೆ ಸಿಕ್ಕಿದ್ದು ನಾನೊಬ್ಬಳೇ. ನನ್ನನ್ನು ಇನ್ನೂ ಬಿಟ್ಟಿಲ್ಲ.